ನೂರಾ ಐವತ್ತೊಂದು ಗ್ರಾಂ, ಮೇಲೊಂದು ಕೊಸರು

ಉಪ್ಪಿಗೆ ಐವತ್ತೆಂಟು ದಶಾಂಶ ನಾಲ್ಕು ನಾಲ್ಕು ಅನ್ನುವ ಒಂದು ಸ್ವಂತ ತೂಕ ಇದೆಯೆಂದು ನನಗೆ ಗೊತ್ತಾದದ್ದು ಮೆಂತ್ಯೆ ಪಲ್ಲೆ ಸೋಸುತ್ತ ಕೂತಿದ್ದ ಒಂದು ಮಧ್ಯಾಹ್ನ. ದೀಪಾವಳಿ ಮುಗಿದು ವಾರವಾಗಿತ್ತು. ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಗಳು ಕಂಬಕ್ಕೆ ಆತು ಕೂತು ರಸಾಯನಶಾಸ್ತ್ರದ ಲೆಕ್ಕ ಬಿಡಿಸುತ್ತಿದ್ದಳು. ಗದಗಿನ ಕಾಲೇಜಿನಲ್ಲಿ ಅವಳದು ಬಿಎಸ್ಸಿ ಎರಡನೇ ವರ್ಷ. ಮೊದಲು ವಹಿಯಲ್ಲಿ ತಾನೇ ಬಿಡಿಸುತ್ತಾಳೆ. ಆಮೇಲೆ ಫೋನಿನಲ್ಲಿ ಕ್ಯಾಲ್ಕುಲೇಟರ್ ಪುಟ ತೆರೆದು, ಅದೇ ಅಂಕಿ ಹಾಕಿ, ಉತ್ತರ ತಾಳೆ ನೋಡುತ್ತಾಳೆ. ಸರಿ ಬಂದರೆ ಚಿಟಿಕೆ ಹೊಡೆಯುತ್ತಾಳೆ. ತಪ್ಪಿದರೆ ಪೆನ್ನಿನ ಟೊಪ್ಪಿಗೆ ಕಚ್ಚುತ್ತಾಳೆ. ಆ ದಿನ ಸಾಲಾಗಿ ನಾಲ್ಕು ಚಿಟಿಕೆ ಕೇಳಿ ನನಗೆ ತಡೆಯಲಾಗಲಿಲ್ಲ.

"ಅದೇನವಾ, ಯಾರ ಕೂಡ ಆಟ ಆಡಾಕತ್ತಿ?"

"ಆಟ ಅಲ್ಲವ್ವಾ, ಇದು ತೂಕ ಹೇಳತೈತಿ. ನಿನಗ ಯಾವುದರ ತೂಕ ಬೇಕು, ಹೇಳು."

"ಉಪ್ಪಿಂದು ಹೇಳಲಿ ನೋಡೂಣು."

ಅವಳು ನಾಲ್ಕಕ್ಷರ ಒತ್ತಿದಳು. ನಾನು ಒಂದು ಕಡ್ಡಿ ಸೋಸುವುದರೊಳಗೆ ಉತ್ತರ ಬಂತು. ಒಂದು ಮೋಲ್ ಉಪ್ಪು ಅಂದರೆ ಇಷ್ಟು ಗ್ರಾಂ. ಮೋಲ್ ಅಂದರೇನು ಎಂದೆ. "ಡಜನ್ ಇದ್ದಂಗ. ಆದ್ರ ಭಾಳ ದೊಡ್ಡ ಡಜನ್," ಎಂದಳು. ಅಷ್ಟು ಸಾಕಾಯಿತು ನನಗೆ. ನಾನು ಓದಿದ್ದು ಹತ್ತನೆಯವರೆಗೆ. ಅದರಲ್ಲೂ ವಿಜ್ಞಾನ ಪಾಸಾದದ್ದು ಶಿವನ ದಯೆ, ನನ್ನ ಬುದ್ಧಿಯಲ್ಲ. ಇಪ್ಪತ್ತೆರಡು ವರ್ಷ ಈ ಮನೆಯ ಉಪ್ಪಿನ ಡಬ್ಬಿಗೆ ದಿನಾ ಕೈ ಹಾಕಿದ್ದೇನೆ, ಅದಕ್ಕೆ ಹೀಗೊಂದು ಗುಟ್ಟಿನ ಅಂಕಿ ಇದೆಯೆಂದು ಯಾರೂ ಹೇಳಿರಲಿಲ್ಲ. ನೆರೆಮನೆಯವಳ ನಿಜವಾದ ವಯಸ್ಸು ಗೊತ್ತಾದ ಹಾಗೆ ಖುಷಿಯಾಯಿತು.

ಅವತ್ತಿನಿಂದ ನನಗೆ ಹುಚ್ಚು ಹಿಡಿಯಿತು. ಸಕ್ಕರೆ ಹಾಕು ಅಂದೆ. ಮುನ್ನೂರಾ ನಲವತ್ತೆರಡು! ಉಪ್ಪಿಗಿಂತ ಐದಾರು ಪಟ್ಟು ಭಾರ. ನಾವು ದಪ್ಪಗಾಗುವುದಕ್ಕೆ ಇದೇ ಕಾರಣ ಎಂದು ನಾನು ತೀರ್ಮಾನ ಕೊಟ್ಟೆ. ಮಗಳು ಅದು ಹಾಗಲ್ಲ ಎಂದು ತಿದ್ದಲು ಬಂದಳು, ನಾನು ಆಗಲೇ ಸುಣ್ಣಕ್ಕೆ ಹೋಗಿದ್ದೆ. ಒಮ್ಮೆ ಅವಳು ಸ್ನಾನಕ್ಕೆ ಹೋದಾಗ ನಾನೇ ಫೋನು ತೆಗೆದುಕೊಂಡು ವಿಭೂತಿ ಎಂದು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಇಂಥ ವಸ್ತು ಇಲ್ಲ ಎಂದು ಕೆಂಪಕ್ಷರದಲ್ಲಿ ಬಂತು. ನನಗೇನೂ ಬೇಸರವಾಗಲಿಲ್ಲ. ಅದು ತೂಕಕ್ಕೆ ಸಿಗುವಂಥದ್ದಲ್ಲ ಎಂದು ಆ ಯಂತ್ರಕ್ಕೂ ತಿಳಿದಿದೆಯಲ್ಲ ಎಂದು ಕೈ ಮುಗಿದೆ.

ಇನ್ನೊಂದು ಪುಟ ದ್ರಾವಣದ್ದು. ನೀರಿನಲ್ಲಿ ಏನಾದರೂ ಕರಗಿಸಿದರೆ ಅದು ಎಷ್ಟು ಗಟ್ಟಿ ಎಂದು ಹೇಳುತ್ತದೆ. ಯಜಮಾನರ ಕಿರಾಣಿ ಅಂಗಡಿಯಿಂದ ಮಸಾಲೆ ತೂಗುವ ಸಣ್ಣ ತಕ್ಕಡಿ ತರಿಸಿ ಒಂದು ಚಮಚ ಉಪ್ಪು ತೂಗಿದೆ. ಆರು ಗ್ರಾಂ. ಒಂದು ಲೀಟರ್ ಮಜ್ಜಿಗೆಗೆ ಅದನ್ನು ಹಾಕಿದರೆ ದಶಾಂಶ ಒಂದು ಮೋಲಾರ್. ಊಟಕ್ಕೆ ಕೂತ ಯಜಮಾನರಿಗೆ ಲೋಟ ಕೊಡುತ್ತ ಹೇಳಿಯೇಬಿಟ್ಟೆ.

"ದಶಾಂಶ ಒಂದು ಮೋಲಾರ್ ಮಜ್ಜಿಗಿ ಐತ್ರಿ ಇದು."

ಅವರು ಲೋಟವನ್ನು ಮೂಗಿಗೆ ಹಿಡಿದು ನೋಡಿದರು. "ಯಾಕ, ಹುಳಿ ಆಗೈತೇನು?"

ಎರಡು ದಿನಕ್ಕೆ ಅವರಿಗೂ ರೂಢಿಯಾಯಿತು. ಉಪ್ಪು ಹೆಚ್ಚಾದ ದಿನ ಸಿಡಿಮಿಡಿ ಮಾಡುವುದು ಬಿಟ್ಟು, "ಇವತ್ತು ಮೋಲಾರ್ ಏರೈತಿ ನೋಡು," ಎನ್ನತೊಡಗಿದರು. ಅದೂ ಒಂದು ಸಣ್ಣ ದಯೆಯೇ.

ಸಣ್ಣ ದಯೆಗಳನ್ನು ಎಣಿಸುವುದು ನನ್ನ ಚಟ. ಸಂಜೆ ದೀಪ ಹಚ್ಚಿದ ಮೇಲೆ ಬೆರಳ ಗೆಣ್ಣಿನ ಮೇಲೆ ಎಣಿಸುತ್ತೇನೆ. ಒಂದು ಎಂದು ಶುರು ಮಾಡುವುದಿಲ್ಲ, ಲಾಭ ಎನ್ನುತ್ತೇನೆ. ಲಕ್ಷ್ಮೇಶ್ವರದಲ್ಲಿ ನಮ್ಮಪ್ಪನದು ಕಾಳುಕಡಿ ಅಂಗಡಿ. ಜೋಳ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವ ಪದ್ಧತಿ ನಮ್ಮಲ್ಲಿರಲಿಲ್ಲ. ಲಾಭ, ಎರಡು, ಮೂರು, ಹೀಗೆ ಹಾಡಿನಂತೆ ಸಾಗಬೇಕು. ಅಳತೆ ಮುಗಿದ ಮೇಲೆ ಬೊಗಸೆಯಷ್ಟು ಮೇಲೆ ಸುರಿಯಬೇಕು. ಅದಕ್ಕೆ ಕೊಸರು ಎನ್ನುತ್ತಾರೆ. ಗಿರಾಕಿ ಕೇಳಬಾರದು, ನಾವೇ ಕೊಡಬೇಕು. "ಕೊಸರು ಕೊಡದ ಕೈಗೆ ಬರಕತ್ತಿಲ್ಲ" ಎಂದು ಅಪ್ಪ ಹೇಳಿ ಹೇಳಿ, ಅದು ನನ್ನ ಕೈಯಲ್ಲೇ ಕೂತುಬಿಟ್ಟಿದೆ. ಹಿಟ್ಟು ಅಳೆದರೆ ಮೇಲೊಂದು ಹಿಡಿ. ಅಕ್ಕಿ ಅಳೆದರೆ ಮೇಲೊಂದು ಹಿಡಿ. ಕೈ ತಾನಾಗಿ ಹೋಗುತ್ತದೆ, ತಲೆಯನ್ನು ಕೇಳುವುದಿಲ್ಲ. ಇದನ್ನು ಈಗಲೇ ಹೇಳಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಈ ಹುಚ್ಚಾಟದ ನಡುವೆ ಮನೆಯಲ್ಲಿ ಒಂದು ಸಂಕಟವೂ ನಡೆದಿತ್ತು. ನಮ್ಮ ಅತ್ತೆಯ ಅಂಗೈ ಒಡೆದಿತ್ತು.

ಅತ್ತೆಗೆ ಎಪ್ಪತ್ತೆಂಟು. ಅಡರಕಟ್ಟಿಯ ಒಕ್ಕಲುತನದ ಮನೆಯಿಂದ ಬಂದವರು. ಬುದ್ಧಿ ಬಂದಾಗಿನಿಂದ ಬೆಳಗಿನ ಲಿಂಗಪೂಜೆ ತಪ್ಪಿಸಿದವರಲ್ಲ. ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ರೆಪ್ಪೆ ಬಡಿಯದೆ ನೋಡುತ್ತ ಕೂಡುತ್ತಾರೆ. ಈ ಸಲದ ಥಂಡಿಗೆ ಅಂಗೈ ಬಿರಿದು, ಗೆರೆ ಗೆರೆಯಲ್ಲೂ ಕೆಂಪು ಕಾಣತೊಡಗಿತು. ಲಿಂಗದ ಮೇಲೆ ಬಿದ್ದ ನೀರು ಬಿರುಕಿಗೆ ಇಳಿದರೆ ಚುರ್ ಎನ್ನುತ್ತದೆ. ಅವರು ಬಾಯಿ ಬಿಟ್ಟು ಹೇಳಿದವರಲ್ಲ. ಹೂವು ಕೊಡಲು ಹೋದ ನಾನು ಅವರ ಎಡ ಹುಬ್ಬು ನೋಡಿದೆ. ಒಂದೊಂದು ಹನಿಗೂ ಅದು ಹಿಂಡಿಕೊಳ್ಳುತ್ತಿತ್ತು.

ಗದಗಿನ ಚರ್ಮದ ಡಾಕ್ಟರ್ ಕೈ ತಿರುಗಿಸಿ ನೋಡಿ ಕೇಳಿದರು. "ಕೈ ಯಾವುದರಿಂದ ತೊಳಿತೀರಿ, ಅಜ್ಜಿ?"

"ಅರಿವಿ ಸೋಡಾದಿಂದರೀ," ಎಂದರು ಅತ್ತೆ, ಗಂಗೆಯಿಂದ ಅನ್ನುವಷ್ಟು ನೆಮ್ಮದಿಯಿಂದ.

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಂಗಡಿ ಸಾಬೂನಿನಲ್ಲಿ ಯಾವ ಪ್ರಾಣಿಯ ಕೊಬ್ಬು ಇರುತ್ತದೋ ಎಂದು ಅತ್ತೆ ಅದನ್ನು ಮುಟ್ಟುವವರಲ್ಲ. ಮೈಗೆ ಕಡಲೆ ಹಿಟ್ಟು. ಪೂಜೆಗೆ ಮುಂಚೆ ಕೈ ಮಾತ್ರ ಖಡಕ್ಕಾಗಿ ಮಡಿ ಆಗಬೇಕೆಂದು ನಲವತ್ತು ವರ್ಷದಿಂದ ಬಟ್ಟೆ ಒಗೆಯುವ ಸೋಡಾ! ಹರೆಯದ ಚರ್ಮ ತಡೆದಿತ್ತು, ಈಗ ಸೋತಿತ್ತು. ಡಾಕ್ಟರ್ ಮುಲಾಮು ಬರೆದರು. ಸೋಡಾ ಬಂದ್, ಮೆತ್ತನೆಯ ಸಾಬೂನು ಮಾತ್ರ ಎಂದರು. ಅತ್ತೆ ಮುಲಾಮಿಗೆ ಒಪ್ಪಿದರು, ಸಾಬೂನಿಗೆ ಒಪ್ಪಲಿಲ್ಲ. ಸೋಡಾ ಬಚ್ಚಲಿನ ಗೂಡಿನಲ್ಲೇ ಉಳಿಯಿತು. ಲಿಂಗ ಮಾತ್ರ ಅಂಗೈ ಬಿಟ್ಟು ಒಂದು ಸಣ್ಣ ಬೆಳ್ಳಿ ತಟ್ಟೆಯ ಮೇಲೆ ಕೂತಿತು.

ಮೊದಲ ದಿನ ತಟ್ಟೆಯ ಮುಂದೆ ಕೂತ ಅತ್ತೆ ಬಹಳ ಸಣ್ಣಗೆ ಕಂಡರು. ಪೂಜೆ ಮುಗಿಸಿ ಬಂದು ಹೇಳಿದರು. "ತಟ್ಟಿ ಮ್ಯಾಲ ಇಟ್ರ ಯಾರದೋ ಮನ್ಯಾಗ ಕುಂತಂಗ ಆಗತೈತಿ ನೋಡವಾ ಅವಗ. ಶಿವರಾತ್ರಿಗೆ ಆದ್ರೂ ಅಂಗೈ ಮ್ಯಾಲ ಬರಲಿ."

ಶಿವರಾತ್ರಿಗೆ ಇನ್ನೂ ಎರಡು ತಿಂಗಳ ಮೇಲಿತ್ತು. ನಾನು ಮಗಳಿಗೆ ಹೇಳಿದೆ. "ಏನವಾ, ಎಲ್ಲಾದ್ರದ್ದೂ ಲೆಕ್ಕ ಹೇಳತೈತಿ ನಿನ್ನ ಫೋನು. ಸಾಬಾನು ಮಾಡೂ ಲೆಕ್ಕ ಹೇಳತೈತೇನು ಕೇಳು."

ತಮಾಷೆಗೆ ಅಂದದ್ದು. ಅವಳು ಹುಡುಕಿದಳು. ಇತ್ತು! ಸಾಬೂನಿಗೇ ಒಂದು ಕ್ಯಾಲ್ಕುಲೇಟರ್. ಯಾವ ಎಣ್ಣೆ, ಎಷ್ಟು ಗ್ರಾಂ ಎಂದು ಹಾಕಿದರೆ, ಅದಕ್ಕೆ ಎಷ್ಟು ಕಾಸ್ಟಿಕ್ ಸೋಡಾ, ಎಷ್ಟು ನೀರು ಎಂದು ಹೇಳುವಂಥದ್ದು. ಎಣ್ಣೆಗಳ ಪಟ್ಟಿ ನೋಡುತ್ತ ಹೋದೆ. ಹೆಸರೇ ಕೇಳದ ದೇಶದ ಎಣ್ಣೆಗಳು. ಅವುಗಳ ನಡುವೆ, ಮದುವೆ ಗದ್ದಲದಲ್ಲಿ ತವರಿನವರು ಕಂಡ ಹಾಗೆ, ನಮ್ಮ ಕುಸುಬೆ! ನಾನು ಕೂಗಿದ ಕೂಗಿಗೆ ಅತ್ತೆ ಒಳಗಿನಿಂದ "ಹಾವೇನು?" ಎಂದರು.

"ಹಾವಲ್ಲರೀ, ಕುಸುಬಿ!"

ಅತ್ತೆಗೆ ವಿಷಯ ತಿಳಿಸಿದೆವು. ನಮ್ಮ ಎಣ್ಣೆ, ನಮ್ಮ ಕಣ್ಣ ಮುಂದೆ, ಕೊಬ್ಬಿನ ಸುಳಿವಿಲ್ಲ. ಅವರು ಸೋಡಾ ಹಾಕಿ ಮಾಡಿದ್ದು ಮೆತ್ತಗೆ ಹೇಗಿರುತ್ತದೆ ಎಂದು ಕೇಳಿದರು. ಮೊಮ್ಮಗಳು ಹೇಳಿದಳು. "ಅಜ್ಜೀ, ಲೆಕ್ಕ ಸರಿ ಹಾಕಿದ್ರ ಸೋಡಾ ಎಲ್ಲಾ ಎಣ್ಣಿ ಕೂಡ ಕೂಡಿ ಸಾಬಾನಾಗಿ ಹೋಗತೈತಿ. ಒಂದು ಹರಳೂ ಉಳಿಯೂದಿಲ್ಲ." ಅತ್ತೆ ನನ್ನ ಕಡೆ ನೋಡಿದರು. "ಲೆಕ್ಕ ಯಾರು ಹಾಕಾಕಿ?" ನಾನು ಎದೆ ತಟ್ಟಿಕೊಂಡೆ. ದಶಾಂಶ ಒಂದು ಮೋಲಾರ್ ಮಜ್ಜಿಗೆ ಮಾಡಿದವಳು ನಾನು!

ಕುಸುಬೆ ಎಣ್ಣೆ ಲಕ್ಷ್ಮೇಶ್ವರದ ಗಾಣದಿಂದ ತಮ್ಮನ ಕೈಯಲ್ಲಿ ಬಂತು. ಬರೀ ಕುಸುಬೆಯ ಸಾಬೂನು ಅಂಟಂಟಾಗಿ ಜಿಬುಜಿಬು ಆಗುತ್ತದೆಂದು ಅರ್ಧ ಕೊಬ್ಬರಿ ಎಣ್ಣೆ. ಕಾಸ್ಟಿಕ್ ಸೋಡಾಕ್ಕೆ ಬೆಟಗೇರಿಯಲ್ಲಿ ಹುಡುಕಬೇಕಿಲ್ಲ. ಹಿಂದಿನ ಓಣಿಯಲ್ಲಿ ನೇಕಾರರ ನೂಲಿಗೆ ಬಣ್ಣ ಹಾಕುವ ಕಾಕಾ ಇದ್ದಾರೆ, ಅವರ ಬಣ್ಣದ ಕೆಲಸಕ್ಕೆ ಅದು ಬೇಕು. ಕೇಳಿದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾರನ್ನ ಸುಡಾಕ, ತಂಗೆವ್ವಾ?"

"ಸುಡಾಕಲ್ಲರೀ ಕಾಕಾರ, ನಮ್ಮ ಅತ್ತಿಯವರ ಕೈ ನೆಟ್ಟಗ ಮಾಡಾಕ."

"ಸೋಡಾ ಹಾಕಿ ಅತ್ತಿ ಕೈ ನೆಟ್ಟಗ ಮಾಡೂ ಸೊಸಿನ್ನ ಇದ ಮೊದಲ ನೋಡಿದ್ದು," ಎಂದು ನಕ್ಕರು. ಆದರೆ ಪೊಟ್ಟಣ ಕೊಡುವಾಗ ನಗಲಿಲ್ಲ. ಕೈಗವಸು, ಕಣ್ಣಿಗೆ ಕನ್ನಡಕ, ಗಾಳಿಯಾಡುವ ಜಾಗ, ಸ್ಟೀಲ್ ಪಾತ್ರೆಯೇ ಬೇಕು, ಜರ್ಮನ್ ಅಂದರೆ ಅಲ್ಯುಮಿನಿಯಂ ಪಾತ್ರೆ ಮುಟ್ಟಲೇಬಾರದು ಎಂದರು. "ನೀರಿಗೆ ಸೋಡಾ ಹಾಕಬೇಕು. ಸೋಡಾಕ್ಕ ನೀರು ಹಾಕಿದ್ರ ಮುಖಕ್ಕ ಹಾರತೈತಿ. ಹೇಳು, ಏನು ಹಾಕಬೇಕು?" ಮೂರು ಸಲ ನನ್ನಿಂದ ಹೇಳಿಸಿಯೇ ಬಿಟ್ಟರು.

ಎಳ್ಳಮಾವಾಸ್ಯೆಗೆ ಮುಂಚಿನ ಸೋಮವಾರ ಮುಹೂರ್ತ. ಮಗಳು ಕಾಲೇಜಿಗೆ ಹೋಗುವ ಮೊದಲು ನಾನು ನನ್ನ ಬೆರಳಿನಿಂದಲೇ ಅಂಕಿ ಹಾಕಿದೆ. ಕುಸುಬೆ ಐದುನೂರು, ಕೊಬ್ಬರಿ ಐದುನೂರು. ಒತ್ತಿದೆ. ಕಾಸ್ಟಿಕ್ ಸೋಡಾ ನೂರಾ ಐವತ್ತೊಂದೂವರೆ ಗ್ರಾಂ ಎಂದು ಬಂತು.

ನನ್ನ ಮೈ ಝುಂ ಎಂದಿತು. ನೂರಾ ಐವತ್ತಲ್ಲ, ನೂರಾ ಐವತ್ತೊಂದು! ನಾವು ಮುಯ್ಯಿ ಮಾಡುವಾಗ, ಗುಡಿಗೆ ಕೊಡುವಾಗ, ಪೂರ್ತಿ ಅಂಕಿ ಎಂದಾದರೂ ಕೊಡುತ್ತೇವೆಯೇ? ಮೇಲೊಂದು ಇಟ್ಟೇ ಇಡುತ್ತೇವೆ. ಎಲ್ಲಿಯದೋ ದೇಶದ ಕ್ಯಾಲ್ಕುಲೇಟರಿಗೂ ಆ ಶಾಸ್ತ್ರ ಗೊತ್ತು! ಅರ್ಧ ಗ್ರಾಮನ್ನು ಲೆಕ್ಕದಿಂದ ಬಿಟ್ಟೆ. ಇದಕ್ಕಿಂತ ಶುಭ ಶಕುನ ಇನ್ನೇನು ಬೇಕು ಎಂದು ದೇವರ ಮನೆಗೆ ಹೋಗಿ ಅಡ್ಡ ಬಿದ್ದು ಬಂದೆ.

ಮಾಳಿಗೆ ಮೇಲೆ ಬಿಸಿಲಿತ್ತು. ಮಗಳ ಲ್ಯಾಬಿನ ಕನ್ನಡಕ, ರಬ್ಬರ್ ಕೈಗವಸು, ಮೂಗಿಗೆ ಸೆರಗು. ಕೆಳಗೆ ಓಣಿಯಲ್ಲಿ ಹೋಗುತ್ತಿದ್ದ ತರಕಾರಿ ಗಾಡಿಯವ ನನ್ನ ವೇಷ ನೋಡಿ ಕೂಗುವುದನ್ನೇ ನಿಲ್ಲಿಸಿದ. ತಕ್ಕಡಿಯ ಮೇಲೆ ಡಬ್ಬಿ ಇಟ್ಟು ಸೋಡಾ ಸುರಿದೆ. ನೂರಾ ನಲವತ್ತೊಂಬತ್ತು, ಐವತ್ತು, ಐವತ್ತೊಂದು. ನಿಂತಿತು. ಓಂ ನಮಃ ಶಿವಾಯ ಎಂದು ನೀರಿಗೆ ಹಾಕಿದೆ. ನೀರು ಒಲೆಯಿಲ್ಲದೆ ಕಾದು ಹೊಗೆಯಾಡಿತು. ಆರಿದ ಮೇಲೆ ಎಣ್ಣೆಗೆ ಸುರಿದು, ಸವೆದುಹೋದ ಹಳೆಯ ಕಡಗೋಲಿನಿಂದ ತಿರುವಿದೆ. ನನಗೆ ಗೊತ್ತಿದ್ದ ಹಾಡುಗಳೆಲ್ಲ ಮುಗಿದವು. ಗಟ್ಟಿಯಾಗಿ, ಗಟ್ಟಿಯಾಗಿ, ಕೊನೆಗೆ ಗಟ್ಟಿ ಗಂಜಿಯಂಥ ಹುಳಿಬಾನದ ಹಾಗೆ ಆಯಿತು. ಪ್ಲಾಸ್ಟಿಕ್ ಡಬ್ಬಿಗಳಿಗೆ ಸುರಿದು ಮುಚ್ಚಿದಾಗ, ಹೆರಿಗೆ ಮಾಡಿಸಿದ ಸೂಲಗಿತ್ತಿಯ ಹಾಗೆ ಸೊಂಟಕ್ಕೆ ಕೈ ಕೊಟ್ಟು ನಿಂತೆ.

ನಾಲ್ಕನೆಯ ದಿನ ಗುರುವಾರ, ಕಾಲೇಜಿಗೆ ರಜೆ. ಡಬ್ಬಿ ಬೋರಲು ಹಾಕಿದೆವು. ಬೆಣ್ಣೆ ಬಣ್ಣದ ಗಟ್ಟಿ, ಮೇಲೆ ಬಿಳಿ ಧೂಳು. ವಿಭೂತಿ ಹಚ್ಚಿಕೊಂಡೇ ಹುಟ್ಟಿದೆ ನೋಡು ಎಂದೆ ಮಗಳಿಗೆ. ಹನ್ನೊಂದು ತುಂಡು ಮಾಡಿದೆ. ಚಾಕು ತೊಳೆಯುವಾಗ ಬೆರಳು ಚುರುಗುಟ್ಟಿತು, ಹೊಸದಲ್ಲವೇ ಎಂದು ಲಕ್ಷ್ಯ ಕೊಡಲಿಲ್ಲ. ಇನ್ನು ಪರೀಕ್ಷೆಯಾಗಲಿ ಎಂದು ಒದ್ದೆ ತುಂಡಿನ ಮೇಲೆ ಚಿಟಿಕೆ ಅರಿಸಿನ ಉದುರಿಸಿದೆ. ಕ್ಷಣದಲ್ಲಿ ಕೆಂಪಾಯಿತು! ಆರತಿ ತಟ್ಟೆಯಲ್ಲಿ ಅರಿಸಿನಕ್ಕೆ ಸುಣ್ಣ ಬೆರೆತಾಗ ಬರುವ ಅದೇ ಓಕುಳಿ ಕೆಂಪು.

"ನೋಡಲೇ, ಆರತಿ ಆತು! ತಾನ ಕುಂಕುಮ ಹಚ್ಚಿಕೊಂತು! ಶುಭ ಆತು!"

ಮಗಳು ಕುಣಿಯಲಿಲ್ಲ. "ಅವ್ವಾ, ಅದು ಶುಭ ಅಲ್ಲ, ಕ್ಷಾರ. ಯಾವ ಸಾಬಾನಿಗೂ ಒಂದೀಟು ಕೆಂಪು ಬರತೈತಿ. ಇದು ಜಾಸ್ತೀನ ಆತು." ಒಳಗೆ ಹೋಗಿ, ಕಾಲೇಜಿನ ಹತ್ತಿರದ ಅಂಗಡಿಯಿಂದ ತಂದಿಟ್ಟಿದ್ದ, ಕ್ಷಾರ ಅಳೆಯುವ ಸಣ್ಣ ಕಾಗದದ ಪುಸ್ತಕ ತಂದಳು. ಒಂದು ಹಾಳೆ ಹರಿದು ನೊರೆಗೆ ಒತ್ತಿದಳು. ಕಾಗದ ಕಡು ನೇರಳೆಯಾಯಿತು. ಪುಸ್ತಕದ ಬಣ್ಣದ ಪಟ್ಟಿಗೆ ಹಿಡಿದು ನೋಡಿದಳು. ಒಂಬತ್ತು, ಹತ್ತರ ಹತ್ತಿರ ಇರಬೇಕಾದದ್ದು ಹನ್ನೆರಡು ದಾಟಿತ್ತು. ಸೋಡಾ ಉಳಿದುಕೊಂಡಿದೆ ಎಂದಳು. ಈ ಸಾಬೂನು ಅಜ್ಜಿಯ ಕೈಗೆ ಬಿದ್ದರೆ ಬಟ್ಟೆ ಸೋಡಾವೇ ವಾಸಿ.

ಅದೇ ಹೊತ್ತಿಗೆ ಅತ್ತೆ ಬಾಗಿಲಿಗೆ ಬಂದು ನಿಂತರು. ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು. "ಆತೇನು?" ಎಂದರು, ಮದುವೆಮನೆಯಲ್ಲಿ ಊಟಕ್ಕೆ ಕಾದ ಮಗುವಿನ ಹಾಗೆ. ನಾನು ತುಂಡುಗಳ ಮೇಲೆ ಬಟ್ಟೆ ಮುಚ್ಚಿದೆ.

ಮಗಳು ಪಡಸಾಲೆಯಲ್ಲಿ ಕೂತು ತನಿಖೆ ಶುರು ಮಾಡಿದಳು. ಕ್ಯಾಲ್ಕುಲೇಟರ್ ತೆರೆದು ಒಂದೊಂದನ್ನೇ ಕ್ರಮವಾಗಿ ಕೇಳತೊಡಗಿದಳು.

"ಕುಸುಬಿ ಎಷ್ಟು ಹಾಕಿದಿ?"

"ಐದುನೂರು. ತೂಕ ಮಾಡಿ."

"ಕೊಬ್ಬರಿ?"

"ಐದುನೂರು. ಆಣಿ ಮಾಡಿ ಹೇಳತೇನಿ."

"ಸೋಡಾ?"

"ನೂರಾ ಐವತ್ತೊಂದು. ಸರಿಯಾಗಿ ಐವತ್ತೊಂದಕ್ಕ ನಿಂತಿತ್ತು ಮುಳ್ಳು."

"ಅದಕ್ಕ ಮುಳ್ಳ ಇಲ್ಲವ್ವಾ, ಅಂಕಿ ಬರತಾವ. ಅಷ್ಟ ಹಾಕಿದ್ರ ಇಷ್ಟು ಕ್ಷಾರ ಹೆಂಗ ಬರತೈತಿ?" ಅವಳು ಹಣೆ ಗಂಟು ಹಾಕಿಕೊಂಡಳು. "ನೂರಾ ಐವತ್ತೊಂದು ತೂಗಿದಿ. ನೀರಿಗೆ ಹಾಕಿದಿ. ಆಮ್ಯಾಲೆ?"

"ಆಮ್ಯಾಲೇನು, ಎಲ್ಲರೂ ಹಾಕೂವಂಗ, ಒಂದು ಚಮಚ ಕೊಸರು ಹಾಕಿದೆ."

ಮಾತು ಬಾಯಿಂದ ಬಿದ್ದ ಮೇಲೆ ನನಗೂ ಕೇಳಿಸಿತು. ಮಾಳಿಗೆ ಮೇಲೆ ನಾನು ನೂರಾ ಐವತ್ತೊಂದು ತೂಗಿ, ನಮಃ ಶಿವಾಯ ಎಂದು ಹಾಕಿ, ಪೊಟ್ಟಣ ಕಟ್ಟುವ ಮೊದಲು ನನ್ನ ಕೈ ತಾನಾಗಿ ಹೋಗಿ, ದೊಡ್ಡ ಚಮಚದ ತುಂಬ ಇನ್ನಷ್ಟು ತೆಗೆದು ಮೇಲೆ ಸುರಿದಿತ್ತು. ಅಪ್ಪನ ಅಂಗಡಿಯ ಕೈ!

ಮಗಳು ನಗಲು ಶುರು ಮಾಡಿದಳು. ಕಂಬ ಹಿಡಿದು ನಕ್ಕಳು, ಕಂಬ ಬಿಟ್ಟು ನೆಲದ ಮೇಲೆ ಉರುಳಿ ನಕ್ಕಳು. "ಕಾಸ್ಟಿಕ್ ಸೋಡಾಕ್ಕ ಕೊಸರು! ಯವ್ವಾ! ಕೊಸರು!" ನಾನು ಅಳಲು ಹೊರಟವಳು ಅವಳ ಕಾಲು ಬಡಿಯುವುದನ್ನು ನೋಡಿ ನಕ್ಕುಬಿಟ್ಟೆ. ಅಂಗಡಿಯಿಂದ ಊಟಕ್ಕೆ ಬಂದ ಯಜಮಾನರು ಬಾಗಿಲಲ್ಲೇ ನಿಂತು, "ಮೋಲಾರ್ ತಲಿಗೆ ಏರೈತಿ ಇಬ್ಬರಿಗೂ," ಎಂದರು.

ನಗದೆ ಇದ್ದವರು ಅತ್ತೆ ಒಬ್ಬರೇ. "ಕೊಸರು ಕೊಡೂದು ತಪ್ಪೇನು?" ಎಂದರು, ಸೊಸೆಯ ತವರಿನ ಪರವಾಗಿ ಜೀವಮಾನದಲ್ಲಿ ಮೊದಲ ಸಲ.

"ತಪ್ಪಲ್ಲ ಅಜ್ಜೀ. ಇಲ್ಲಿ ನೋಡು." ಮಗಳು ಕಣ್ಣೊರೆಸಿಕೊಂಡು ಫೋನನ್ನು ಇಬ್ಬರ ನಡುವೆ ಹಿಡಿದಳು. ಪುಟದ ಮೂಲೆಯಲ್ಲಿ ನಾನು ನೋಡದೇ ಬಿಟ್ಟ ಒಂದು ಸಣ್ಣ ಚೌಕ. ಅದರಲ್ಲಿ ಐದು ಎಂದಿತ್ತು. ನೂರಕ್ಕೆ ಐದರಷ್ಟು ಎಣ್ಣೆ ಸೋಡಾದ ಕೈಗೆ ಸಿಗದೆ ಹೆಚ್ಚಿಗೆ ಉಳಿಯಲಿ ಎಂದು ಅದು ಮೊದಲೇ ಲೆಕ್ಕ ಹಿಡಿದು, ಸೋಡಾವನ್ನು ಅಷ್ಟು ಕಡಿಮೆ ಮಾಡಿಯೇ ಹೇಳುತ್ತದೆ. ಆ ಉಳಿದ ಎಣ್ಣೆಯೇ ಸಾಬೂನನ್ನು ಮೆತ್ತಗೆ ಮಾಡುವುದು. "ಕೊಸರು ಅದ ಕೊಟ್ಟೈತಿ. ಎಣ್ಣಿ ಕೊಸರು. ನೀ ಹೋಗಿ ಸೋಡಾಕ್ಕ ಕೊಟ್ಟಿ."

ಯಾವ ದೇಶದಲ್ಲಿ ಯಾರು ಬರೆದಿಟ್ಟ ಲೆಕ್ಕವೋ, ಅದರೊಳಗೆ ಕೇಳದೆ ಕೊಡುವ ಕೊಸರು! ನಮ್ಮಪ್ಪ ಇದ್ದಿದ್ದರೆ ಫೋನಿನ ತಲೆಗೆ ಸನ್ಮಾನದ ಪಟಕ ಸುತ್ತುತ್ತಿದ್ದ.

ಆದರೆ ಹನ್ನೊಂದು ತುಂಡು ಸುಡುವ ಸಾಬೂನು ಎದುರಿಗಿತ್ತು. ಒಂದು ಕಿಲೋ ಎಣ್ಣೆ ಚೆಲ್ಲಲು ಮನಸ್ಸಿಲ್ಲ. ಮತ್ತೆ ಹೊಸದಾಗಿ ಮಾಡಿದರೆ ಎಣ್ಣೆ ಬಂದು, ಸಾಬೂನು ಕೂತು, ಆರು ವಾರ ಆರಿ, ಅತ್ತೆಯ ಕೈ ಮಾಯುವಷ್ಟರಲ್ಲಿ ಶಿವರಾತ್ರಿ ದಾಟಿಹೋಗುತ್ತಿತ್ತು. ಮಗಳು ಪೆನ್ನಿನ ಟೊಪ್ಪಿಗೆ ಕಚ್ಚಿದಳು. ಆಮೇಲೆ ಬಿಟ್ಟಳು.

"ಆ ಚಮಚ ತಾ. ಅವತ್ತು ಹೆಂಗ ಹಾಕಿದ್ದಿ, ಹಂಗ ಹಾಕು."

ಕೈಗವಸು ಹಾಕಿಕೊಂಡು, ಸೋಡಾದಿಂದ ಅದೇ ಚಮಚದಲ್ಲಿ, ಅದೇ ಔದಾರ್ಯದಿಂದ ತೆಗೆದೆ. ತಕ್ಕಡಿ ಹದಿನಾರು ಎಂದಿತು. ಇನ್ನೊಮ್ಮೆ ಅಂದಳು. ಹದಿನಾರು. ಮೂರನೆಯ ಸಲವೂ ಹದಿನಾರು. "ಕೊಸರಿನ್ಯಾಗ ಭಾಳ ಕರೆಕ್ಟ್ ಅದಿ ಬಿಡವ್ವಾ." ನನಗೆ ಹೆಮ್ಮೆಯಾಯಿತು, ಆಗಬಾರದಿತ್ತು, ಆದರೂ ಆಯಿತು. ಒಟ್ಟು ನೂರಾ ಅರವತ್ತೇಳು ಗ್ರಾಂ ಸೋಡಾ. ಇನ್ನು ಲೆಕ್ಕ ತಿರುಗಿಸುವುದು. ಅಷ್ಟು ಸೋಡಾಕ್ಕೆ ಎಷ್ಟು ಎಣ್ಣೆ ಇರಬೇಕಿತ್ತು? ಮಗಳು ಮೊದಲು ವಹಿಯಲ್ಲಿ ಬಿಡಿಸಿದಳು. ನಾನು ಕ್ಯಾಲ್ಕುಲೇಟರಿನಲ್ಲಿ ಕುಸುಬೆಯ ಅಂಕಿ ಏರಿಸುತ್ತ ಹೋದೆ. ಐದುನೂರಾ ಐವತ್ತು, ಇಲ್ಲ. ಆರುನೂರು, ಇನ್ನೂ ಇಲ್ಲ. ಆರುನೂರಾ ಇಪ್ಪತ್ತು. ಸೋಡಾದ ಚೌಕದಲ್ಲಿ ನೂರಾ ಅರವತ್ತೇಳು ಬಂದು ಕೂತಿತು.

"ನನಗ ನೂರಾ ಇಪ್ಪತ್ತು ಗ್ರಾಂ ಹೆಚ್ಚಿಗಿ ಬೇಕು ಅಂತ ಬಂತು," ಎಂದೆ.

ಅವಳು ವಹಿ ತಿರುಗಿಸಿ ತೋರಿಸಿದಳು. ನೂರಾ ಇಪ್ಪತ್ತು. ಚಿಟಿಕೆ ಹೊಡೆದಳು. ನಾನೂ ಹೊಡೆದೆ, ನನ್ನದು ಸಪ್ಪಳವಾಗಲಿಲ್ಲ.

ತುಂಡುಗಳನ್ನು ತುರಿಮಣೆಯ ಮೇಲೆ ತುರಿದು, ಒಂದಿಷ್ಟು ನೀರು ಹಾಕಿ, ನೀರು ಕುದಿಯುವ ಹಂಡೆಯೊಳಗೆ ಪಾತ್ರೆ ಇಳಿಸಿ ಕಾಯಿಸಿದೆವು. ಉಳಿದಿದ್ದ ಕುಸುಬೆ ಎಣ್ಣೆ ತೂಗಿದೆ. ನೂರಾ ಇಪ್ಪತ್ತಕ್ಕೆ ಬಂದಾಗ ಕೈ ತಡೆದು ಹಿಡಿದೆ. ಮಗಳ ಮುಖ ನೋಡಿದೆ.

"ಒಂದ ಗ್ರಾಂ ಮ್ಯಾಲ ಹಾಕಲೇನವಾ?"

"ಎಣ್ಣಿ ಆದ್ರ ಹಾಕು ತಾಯೀ, ಎಷ್ಟರ ಹಾಕು."

ನೂರಾ ಇಪ್ಪತ್ತೊಂದು ಹಾಕಿದೆ.

ಹೀಗೆ ಕುದಿಸಿ ಮಾಡಿದ್ದಕ್ಕೆ ವಾರಗಟ್ಟಲೆ ಕಾಯುವ ಕೆಲಸ ಒಲೆಯ ಮೇಲೆಯೇ ಮುಗಿಯುತ್ತದೆ, ನೀರು ಆರಿ ಗಟ್ಟಿಯಾದರೆ ಸಾಕು ಎಂದು ಮಗಳು ಓದಿ ಹೇಳಿದಳು. ಉಪ್ಪಿಟ್ಟಿನ ಹಾಗೆ ಉಂಡೆ ಉಂಡೆಯಾಗಿ, ನೋಡಲು ಚಂದವಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಕಾಗದ ಹಚ್ಚಿ ನೋಡಿದೆವು. ನೇರಳೆಯಲ್ಲ, ತಿಳಿ ನೀಲಿ ಬಂತು. ಪಟ್ಟಿಯಲ್ಲಿ ಒಂಬತ್ತು, ಹತ್ತರ ನಡುವೆ. ಆದರೂ ಕಾಗದವನ್ನೇ ನಂಬಿ ಅತ್ತೆಗೆ ಕೊಡಲು ಧೈರ್ಯ ಬರಲಿಲ್ಲ. ಐದು ದಿನ ನಾನು ಪಾತ್ರೆ ತಿಕ್ಕಿದ ನನ್ನ ಒರಟು ಕೈ ಅದರಿಂದಲೇ ತೊಳೆದೆ. ಚುರುಗುಟ್ಟಲಿಲ್ಲ. ಬಳೆ ಮಾತ್ರ ಜಾರಿ ಜಾರಿ ಮುಂಗೈಗೆ ಬಂದವು.

ಆರನೆಯ ದಿನ ಬಚ್ಚಲಿನ ಗೂಡಿನಿಂದ ಬಟ್ಟೆ ಸೋಡಾದ ಡಬ್ಬಿ ತೆಗೆದು ಆ ಜಾಗದಲ್ಲಿ ಒಂದು ತುಂಡು ಇಟ್ಟೆ. ಅತ್ತೆ ತೊಳೆದುಕೊಂಡು ಬಂದು ಅಂಗೈ ಮೂಸಿದರು.

"ಬಜ್ಜಿ ವಾಸನಿ ಬರತೈತಲ್ಲವಾ."

"ಕುಸುಬಿ ಎಣ್ಣಿದರೀ ಅದು. ಉರಿತೈತೇನ್ರೀ?"

"ಉರಿಯೂದಿಲ್ಲ. ಹಸಿವಿ ಆಗತೈತಿ."

ಬೆಳಿಗ್ಗೆ ಸಾಬೂನು, ಮಲಗುವ ಮುಂಚೆ ಡಾಕ್ಟರ ಮುಲಾಮು. ಬಿರುಕುಗಳು ಒಂದೊಂದೇ ಮುಚ್ಚಿದವು. ದೊಡ್ಡದೊಂದು, ಹೆಬ್ಬೆರಳ ಬುಡದಲ್ಲಿದ್ದುದು, ಹಟ ಹಿಡಿದು ಉಳಿಯಿತು. ನಾನು ದಿನಾ ಅವರ ಕೈ ಹಿಡಿದು, ಬಾಗಿಲ ಬೆಳಕಿಗೆ ತಿರುಗಿಸಿ ನೋಡುತ್ತಿದ್ದೆ. ಭವಿಷ್ಯ ಹೇಳುವವಳ ಹಾಗೆ ಕಾಣತಿ ಎಂದು ಬೈಯುತ್ತಿದ್ದರು, ಕೈ ಮಾತ್ರ ಹಿಂದೆ ಎಳೆದುಕೊಳ್ಳುತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಅವರ ಕೈಯನ್ನು ಅಷ್ಟು ಹೊತ್ತು ಹಿಡಿದದ್ದು ಆಗಲೇ.

ಶಿವರಾತ್ರಿಯ ಬೆಳಿಗ್ಗೆ ಪೂಜೆಗೆ ಎಲ್ಲ ಅಣಿ ಮಾಡಿದೆ. ತಂಬಿಗೆ, ವಿಭೂತಿ, ಪತ್ರಿ. ರೂಢಿಯಂತೆ ಬೆಳ್ಳಿ ತಟ್ಟೆಯನ್ನೂ ಒರೆಸಿ ಇಟ್ಟಿದ್ದೆ. ಅತ್ತೆ ಕೂತರು. ಕೊರಳ ಕರಡಿಗೆ ತೆಗೆದು, ಬಿಚ್ಚಿ, ಲಿಂಗವನ್ನು ಬಲಗೈಯಲ್ಲಿ ಹಿಡಿದು ಒಂದು ಗಳಿಗೆ ತಡೆದರು. ತಟ್ಟೆಯ ಕಡೆ ನೋಡಲಿಲ್ಲ. ಎಡ ಅಂಗೈ ಚಾಚಿ, ಅದರ ಮೇಲೆ ಇಳಿಸಿಕೊಂಡರು.

ನಾನು ಬಾಗಿಲಲ್ಲಿ ನಿಂತು ಅವರ ಹುಬ್ಬು ನೋಡಿದೆ. ತಂಬಿಗೆ ವಾಲಿತು. ಮೊದಲ ಹನಿ ಬಿತ್ತು. ಲಾಭ. ಹುಬ್ಬು ಅಲುಗಲಿಲ್ಲ. ಎರಡು. ನೀರು ಲಿಂಗದ ಮೇಲಿಂದ ಇಳಿದು, ಅಂಗೈಯ ಗೆರೆಗಳಲ್ಲಿ ಹರಿದು, ಹೆಬ್ಬೆರಳ ಬುಡಕ್ಕೆ ಹೋಗಿ ನಿಂತಿತು. ಮೂರು. ಹುಬ್ಬು ಇದ್ದಲ್ಲೇ ಇತ್ತು. ನನಗೆ ಹೊಟ್ಟೆಯೊಳಗಿಂದ ನಗೆ ಉಕ್ಕಿ ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ, ಆದರೂ ನಗೆಯ ಒಂದು ತುಂಡು ಹೊರಗೆ ಬಿದ್ದೇಬಿಟ್ಟಿತು. ಅತ್ತೆ ಒಂದು ಕಣ್ಣು ತಿರುಗಿಸಿ ನನ್ನನ್ನು ನೋಡಿ, ಮತ್ತೆ ಅಂಗೈಯ ಕಡೆ ತಿರುಗಿಸಿದರು.

ಪೂಜೆ ಮುಗಿದು, ತೀರ್ಥ ತೆಗೆದುಕೊಂಡು, ಲಿಂಗ ಕರಡಿಗೆಗೆ ಸೇರಿದ ಮೇಲೆ ಕರೆದರು.

"ಪೂಜಿ ಹೊತ್ತಿನ್ಯಾಗ ನಗಬಾರದು ಅಂತ ನಿಮ್ಮವ್ವ ಕಲಿಸಿಲ್ಲೇನು?"

"ತಪ್ಪಾತ್ರಿ."

ಅವರು ಬೆಳ್ಳಿ ತಟ್ಟೆ ಎತ್ತಿ ನನ್ನ ಕೈಗೆ ಕೊಟ್ಟರು. ಎಡಗೈಯಿಂದಲೇ ಎತ್ತಿದರು, ಬೇಕೆಂದೇ.

"ಇದನ್ನ ಅಡಿಗಿ ಮನ್ಯಾಗ ಇಡು. ಉಪವಾಸ ಬಿಟ್ಟ ಮ್ಯಾಲ ಅವಲಕ್ಕಿ ಹಾಕಿ ಕೊಡಾಕ ಬರತೈತಿ."